ಭಾಷಣ ಮಾತ್ರ ಬೇಡ

ಒದ್ದೆ ಉಣ್ಣೆಯ ವಾಸನೆ, ಯಾರೋ ಹೀಟರಿನ ಮೇಲೆ ಕೈಗವಸು ಒಣಹಾಕಿದ್ದಾರೆ, ತಾಂಪೆರೆ ಊರಿನ ಶಾಲೆಗಳ ವ್ಯಾಯಾಮದ ಹಾಲಿಗೆಲ್ಲ ಜನವರಿಯಲ್ಲಿ ಇದೇ ವಾಸನೆ, ತಾನು ಓದಿದ ಶಾಲೆಯಲ್ಲೂ ಇದೇ ಇತ್ತು, ಸಾಯ್ಮಿ ಸ್ಪೀಕರಿನ ಗುಂಡಿ ಒತ್ತಿದಳು — ವಾಲ್ಟ್ಜ್, ಜೋಡಿ ಕುಣಿತದ ತಾಳ, ಒಂದು ಎರಡು ಮೂರು, ಹುಡುಗರು ಕಿಟಕಿ ಕಡೆ, ಹುಡುಗಿಯರು ಗೋಡೆ ಕಡೆ, ಹಿಂದಿನ ಬೆಂಚಿನಲ್ಲಿ ಮಾರ್ಕೆತ್ತಾ, ತನ್ನ ಪಾಠ ನೋಡಿ ಪಾಸೋ ಫೇಲೋ ಹೇಳಬೇಕಾದವಳು, ಪಕ್ಕದಲ್ಲಿ ತನ್ನಂತೆಯೇ ಶಿಕ್ಷಕ ತರಬೇತಿಯಲ್ಲಿರುವ ಮೂವರು, ನಾಳೆ ಅವರ ಸರದಿ, ಇವತ್ತು ಬೇಕಾದರೆ ನಗಲಿ. ಮುಂದಿನ ತಿಂಗಳು ಹಿರಿಯರ ನೃತ್ಯ, ಕೊನೆಯ ವರ್ಷದವರು ಪರೀಕ್ಷೆಗೆ ಓದಲು ಮನೆಗೆ ಹೋದ ಮರುದಿನ ಎರಡನೇ ವರ್ಷದವರೇ ಶಾಲೆಗೆ ಹಿರಿಯರು, ಗೌನು, ಬಾಡಿಗೆ ಕೋಟು, ಗ್ಯಾಲರಿಯಲ್ಲಿ ಕೂತು ಮೂಗು ಒರೆಸಿಕೊಳ್ಳುವ ಅಜ್ಜಿಯರು, ಹುಡುಗರ ಸಾಲಿನಲ್ಲಿ ವೆನ್ಲಾ ನಿಂತಿದ್ದಾಳೆ, ನಿಲ್ಲುತ್ತೇನೆಂದು ನಿನ್ನೆಯೇ ಹೇಳಿದ್ದಳು, ಬಾಗಿಲ ಬಳಿ ಬೂಟಿನ ಲಾಡಿ ಬಿಚ್ಚುತ್ತ, ಮುಖ ಎತ್ತದೆ, ಇಲ್ಲಿ ಟೀಚರನ್ನೂ ಹೆಸರು ಹಿಡಿದೇ ಕರೆಯುವುದು — ಸಾಯ್ಮಿ, ನಾನು ಇಂಕೆರಿ ಜೋಡಿ, ಹುಡುಗನ ಹೆಜ್ಜೆ ನಾನು ಹಾಕ್ತೀನಿ, ಆಗತ್ತಾ, ಆಗದೇ ಏನು, ಆದ್ರೆ ನೀನು ಅದರ ಬಗ್ಗೆ ಏನೂ ಹೇಳ್ಬಾರ್ದು, ಭಾಷಣ ಮಾತ್ರ ಬೇಡ, ಅವಳು ಮೊದಲೇ ಪುಕ್ಕಲು, ಎಲ್ಲರೂ ತಿರುಗಿ ನೋಡಿದ್ರೆ ಮತ್ತೆ ಬರೋದೇ ಇಲ್ಲ. ಇಲ್ಲಮ್ಮ, ತುಟಿ ಬಿಚ್ಚಲ್ಲ. ಅಂದವಳು ತಾನೇ.

ಕಸ್ಪೇರಿ ಶುರು ಮಾಡಿದ್ದು, ಸಾಯ್ಮೀ, ನಮ್ ಕಡೆ ಒಂದು ಹುಡುಗಿ ದಾರಿ ತಪ್ಪಿ ಬಂದಿದೆ ನೋಡು, ಅವನೇನು ಕೆಟ್ಟವನಲ್ಲ, ಬಾಯಿ ಸುಮ್ಮನಿರುವುದಿಲ್ಲ ಅಷ್ಟೆ, ವೆನ್ಲಾ ತಕ್ಷಣ ತಿರುಗಿಸಿ ಕೊಟ್ಟಳು, ಹೆದರ್ಬೇಡ ಕಣೋ, ನಿನ್ ಕಾಲು ನಾನ್ಯಾಕೆ ತುಳೀಲಿ, ನೀನೇ ತುಳ್ಕೋತೀಯಲ್ಲ, ಎಲ್ಲರೂ ನಕ್ಕರು, ಕಸ್ಪೇರಿಯೂ ನಕ್ಕ, ಜೋಡಿಗಳು ಕೂಡಿಕೊಂಡವು, ಇಂಕೆರಿ ವೆನ್ಲಾಳ ಭುಜದ ಮೇಲೆ ಕೈ ಇಟ್ಟಳು — ಆ ತಮಾಷೆ ಅಲ್ಲಿಗೇ ಮುಗಿದು ಹೋಗಿತ್ತು, ಒಂದು ಎರಡು ಮೂರು ಅಂದರೆ ಸಾಕಿತ್ತು, ನಾನ್ಯಾಕೆ ಸಂಗೀತ ನಿಲ್ಲಿಸಿದೆ, ಯಾರು ನಿಲ್ಲಿಸು ಅಂದರು, ಸಲಿಂಗಪ್ರೇಮಿ ಮಕ್ಕಳ ಬೆನ್ನಿಗೆ ಹೇಗೆ ನಿಲ್ಲಬೇಕು ಎಂಬ ಹೋದ ವಾರದ ತರಬೇತಿ ಪಾಠದಲ್ಲಿ ತಾನು ಟೀಚರ್ ಪಾತ್ರ ಮಾಡಿದ್ದಳು, ಮಾತಾಡಿದರೆ ಹೀಗೆ ಮಾತಾಡಬೇಕು ಎಂದು ಉಪನ್ಯಾಸಕರು ಮೆಚ್ಚಿದ್ದರು, ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಅದೇ ಮಾತು, ಅದೇ ದನಿ, ನೋಡಿ, ಈ ಹಾಲಿನಲ್ಲಿ ಯಾರು ಯಾರನ್ನು ಬೇಕಾದರೂ ಪ್ರೀತಿಸಬಹುದು. ಪ್ರೀತಿ ಅಂದಳು. ಅವರು ಕೇಳಿದ್ದು ಒಂದು ವಾಲ್ಟ್ಜ್. ತಲೆಗಳೆಲ್ಲ ತಿರುಗಿದವು, ಓ, ಹಂಗಾ, ಎಂದು ಯಾರೋ, ಮೆಲ್ಲಗೆ, ವೆನ್ಲಾ ಸಾಯ್ಮಿಯನ್ನೊಮ್ಮೆ ನೋಡಿ, ಭುಜದ ಮೇಲಿನ ಆ ಕೈಯಡಿಯಿಂದ ಜಾರಿ, ಬರೀ ಕಾಲುಚೀಲದಲ್ಲೇ ಹೊರಟು ಹೋದಳು, ಬಾಗಿಲು ಬಡಿಯಿತು, ಇಂಕೆರಿಯ ಕೈ ಮಾತ್ರ ಇಟ್ಟಲ್ಲೇ ಇದೆ, ಭುಜವಿಲ್ಲ.

ಮಾರ್ಕೆತ್ತಾ ಪೆನ್ನು ಕೆಳಗಿಟ್ಟಳು, ಮುಂದುವರಿಸು ಸಾಯ್ಮಿ, ಕಸ್ಪೇರಿ ನೆಲ ನೋಡುತ್ತ, ನಾನು ತಮಾಷೆಗೆ ಅಂದಿದ್ದು, ನಿಂದಲ್ಲ ಕಣೋ ತಪ್ಪು, ನಂದು, ಹೆನ್ನಾಳ ಬೆನ್ನು, ಯಾಕೆ ಈಗ ಹೆನ್ನಾ, ತನ್ನದೇ ತರಗತಿಯವಳು, ಹದಿನೇಳರಲ್ಲಿ ತಾನು ಯಾವುದೋ ಹುಡುಗನ ಹೆಗಲಾಚೆಯಿಂದ ಇಡೀ ನೃತ್ಯ ಆ ಬೆನ್ನನ್ನೇ ನೋಡಿದ್ದಳು, ಯಾರಾದರೊಬ್ಬ ಟೀಚರು ಸಂಗೀತ ನಿಲ್ಲಿಸಿ ಇದೊಂದು ಮಾತು ಹೇಳಲಿ ಎಂದು ಹಲ್ಲು ಕಚ್ಚಿ ಕಾದಿದ್ದಳು, ಯಾರೂ ಹೇಳಲಿಲ್ಲ, ಆ ಬಾಕಿ ಭಾಷಣವನ್ನು ತಂದು ಈ ಹುಡುಗಿಯರ ತಲೆ ಮೇಲೆ ಸುರಿದೆ, ವೆನ್ಲಾಳ ಹಿಂದೆ ಓಡಬೇಕೆ, ಓಡಿದರೆ ಇಂಕೆರಿ ಇಷ್ಟು ಕಣ್ಣುಗಳ ನಡುವೆ ಒಬ್ಬಳೇ, ಕ್ಷಮಿಸು ಅಂದರೆ ಅದು ಇನ್ನೊಂದು ಭಾಷಣ, ಕೈ ಇಳಿಸು ಮಗಳೇ ಅಂದರೆ ಎಲ್ಲರೂ ಮತ್ತೆ ಆ ಕೈಯನ್ನೇ ನೋಡುತ್ತಾರೆ, ಗುಂಡಿ ಒತ್ತು, ಒತ್ತಿದಳು, ಒಂದು ಎರಡು, ಜೋಡಿಗಳು ಇಂಕೆರಿಯ ಸುತ್ತ ಬಳಸಿ ತಿರುಗತೊಡಗಿದವು, ಯಾರ ಮೈಯೂ ತಾಗದಂತೆ, ಎಷ್ಟು ಜೋಪಾನ, ಒಂದು ಎರಡು — ಆ ಕೈ, ಬೆರಳು ತುಸು ಬಾಗಿ, ಇಲ್ಲದ ಭುಜದ ಎತ್ತರದಲ್ಲಿ, ಒಂದು, ಆ ಕೈ