ಆರ್ಡಿತ್ ಆರಿಸಿದ ಪಿಸ್ತೂಲು

ಕೊಂಡ ವಸ್ತುವನ್ನು ಹಿಂದಿರುಗಿಸುವ ವಿಷಯದಲ್ಲಿ ಆರ್ಡಿತ್ ಲೋಫ್‌ಗ್ರೆನ್‌ಳನ್ನು ಸರಿಗಟ್ಟುವವರು ನಮ್ಮ ಡ್ರೈ ಫೋರ್ಕ್ ಊರಿನಲ್ಲಷ್ಟೇ ಅಲ್ಲ, ವಯೋಮಿಂಗ್‌ನ ಆ ಇಡೀ ಪೂರ್ವಭಾಗದಲ್ಲಿ ಯಾರೂ ಇರಲಿಲ್ಲ. ಒಂದು ಚಳಿಗಾಲವಿಡೀ ಮನೆಯನ್ನು ಬೆಚ್ಚಗಿಟ್ಟ ಕಬ್ಬಿಣದ ಒಲೆಯನ್ನು, ಅದರ ಬಾಗಿಲು ಮುಚ್ಚುವಾಗ ಬರುವ ಸದ್ದು ತನಗೆ ಒಗ್ಗಲಿಲ್ಲವೆಂದು, ಏಪ್ರಿಲ್ ತಿಂಗಳಲ್ಲಿ ಟ್ರಕ್ಕಿಗೆ ಹೇರಿಕೊಂಡು ಹೋಗಿ ಅಂಗಡಿಯ ಮುಂದೆ ಇಳಿಸಿ ಬಂದವಳು ಆಕೆ. ಎರಡು ಜೀನುಗಳು, ಒಂದು ಹೊಲಿಗೆಯಂತ್ರ, ನೆನಪಿಗೆ ಸಿಕ್ಕದಷ್ಟು ಬೂಟುಗಳು ಹೀಗೆಯೇ ಬಂದ ದಾರಿಯಲ್ಲಿ ಮರಳಿದ್ದವು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮದುವೆ ನಿಶ್ಚಯವಾಗಿದ್ದ ವರನನ್ನು ಕೂಡ, ಅವನು ತೊಡಿಸಿದ ಉಂಗುರದ ಸಮೇತ, ಅವನ ತಾಯಿಯ ಅಡುಗೆಮನೆಗೇ ಹೋಗಿ ಒಪ್ಪಿಸಿ ಬಂದಳೆಂಬುದು ಊರಿನ ಹಳಬರೆಲ್ಲ ಬಲ್ಲ ಸಂಗತಿ. ಎಷ್ಟೋ ವರ್ಷಗಳ ಮೇಲೆ ಧೈರ್ಯ ಮಾಡಿ ನಾನು ಆ ಮಾತೆತ್ತಿದಾಗ ಆಕೆ ಕಾಫಿ ಕಲಕುತ್ತ ಹೇಳಿದ್ದಿಷ್ಟೆ: "ಒಳ್ಳೇವನೇ. ಹತ್ತಿರ ಬಂದಿದ್ದ. ಆದ್ರೆ ಅಲ್ಲ."

ಆ ಮಾತು ಆಕೆಯ ಬಾಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು. ಹವಾಮಾನದ ಮುನ್ಸೂಚನೆಗೆ, ಚರ್ಚಿನ ಹೊಸ ಪಾದ್ರಿಯ ಪ್ರವಚನಕ್ಕೆ, ನಾನು ನಡೆಸುತ್ತಿದ್ದ ಊರಿನ ವಾರಪತ್ರಿಕೆಯ ಸಂಪಾದಕೀಯಕ್ಕೆ, ಎಲ್ಲಕ್ಕೂ ಆಕೆಯ ತೀರ್ಪು ಒಂದೇ: ಹತ್ತಿರ, ಆದ್ರೆ ಅಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ್ದರಿಂದ, ಊರಿನಲ್ಲಿ ನಲವತ್ತು ದಾಟದ ಹೆಂಗಸರು ಗಂಡಸರೆಲ್ಲ ಆಕೆ ಎದುರಾದರೆ ಈಗಲೂ ತಮಗರಿವಿಲ್ಲದೆಯೇ ಸ್ವಲ್ಪ ನೆಟ್ಟಗಾಗುತ್ತಿದ್ದರು. ಎತ್ತರದ ಆಳು, ಬೇಲಿ ಹಾಕಲು ನೆಲವನ್ನು ಅಳೆಯುತ್ತಿರುವವಳಂತೆ ದೀರ್ಘವಾದ, ಸಮಾನವಾದ ಹೆಜ್ಜೆಗಳು. ಮೈಮೇಲೆ ವರ್ಷದ ಎಂಟು ತಿಂಗಳೂ ಕಂದುಬಣ್ಣದ ಅದೇ ಕ್ಯಾನ್ವಾಸ್ ಕೋಟು. ಅದರ ಬಲಭುಜದ ಮೇಲೆ ಅಂಗೈಯಗಲದ ಚರ್ಮದ ತೇಪೆ; ನಾಲ್ಕು ದಶಕಗಳ ಕಾಲ ರೈಫಲ್ಲಿನ ಹಿಂಬದಿ ಆತುಕೊಂಡು ಆ ತೇಪೆ ಹಳೆಯ ಮೇಜಿನ ಮೂಲೆಯಂತೆ ಕಪ್ಪಾಗಿ, ನುಣುಪಾಗಿ ಹೊಳೆಯುತ್ತಿತ್ತು.

ಹದಿನಾಲ್ಕನೆಯ ವಯಸ್ಸಿನಿಂದ ಒಂದು ಶರತ್ಕಾಲವನ್ನೂ ಬಿಡದೆ ಆಕೆ ತನ್ನ ಅಣ್ಣ ವರ್ಲಿನ್‌ನೊಡನೆ ಹುಲ್ಲೆಗಳ ಬೇಟೆಗೆ ಹೋಗುತ್ತಿದ್ದಳು. ಅವನು ಮೂರು ವರ್ಷ ದೊಡ್ಡವನು, ಹೆಂಡತಿ ತೀರಿಕೊಂಡ ಮೇಲೆ ತಂಗಿಯ ಮನೆಗೆ ಬಂದು ನೆಲೆಸಿದವನು, ಎಷ್ಟು ಮಾತುಗಾರನೆಂದರೆ ಅವಳ ಪಾಲಿನ ಮಾತನ್ನೂ ಅವನೇ ಆಡಿ ಮುಗಿಸುತ್ತಿದ್ದ. ಬುತ್ತಿ ಹೊತ್ತುಕೊಂಡು ಮೂರನೆಯವನಾಗಿ ನಾನೂ ಹೋಗುವುದಿತ್ತು. ಆಕೆಯ ಐವತ್ತೆಂಟನೆಯ ವಯಸ್ಸಿನಲ್ಲಿ, ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಹಿಮಗಟ್ಟಿದ್ದ ತೊರೆ ದಾಟುವಾಗ ಕುದುರೆ ಜಾರಿ ಆಕೆಯ ಮೇಲೆಯೇ ಉರುಳಿತು. ಬಲಭುಜ ನುಚ್ಚುನೂರಾಯಿತು. ಒಂದು ಲೋಹದ ಪಟ್ಟಿ, ಏಳು ಸ್ಕ್ರೂಗಳು. ಅಲ್ಲಿಂದ ಮುಂದೆ ಆ ತೋಳು ಎದೆಯ ಮಟ್ಟಕ್ಕಿಂತ ಮೇಲೇಳಲಿಲ್ಲ. ಇನ್ನೊಂದು ಸಲ ರೈಫಲ್ಲಿನ ಒದೆತ ತಿಂದರೆ ಆ ಪಟ್ಟಿ ಕಿತ್ತು ಬರುತ್ತದೆಂದು ವೈದ್ಯರು ಹೇಳಿದರು.

ಆಮೇಲಿನ ಶರತ್ಕಾಲಗಳಲ್ಲಿ ನಾವಿಬ್ಬರೂ ಕರೆದೆವು, ಸುಮ್ಮನೆ ಜೊತೆಗೆ ಬಾ ಎಂದೆವು. "ಕುಣಿಯೋರನ್ನ ಗೋಡೆಗೊರಗಿ ನೋಡೋ ಆಸೆ ನಂಗಿಲ್ಲ," ಎಂದಳು. ನಾವು ಹೊರಡುವ ಬೆಳಗ್ಗೆ ಮಾತ್ರ ಆಕೆ ಅಂಗಳದಲ್ಲಿ ನಿಂತಿರುತ್ತಿದ್ದಳು. ಮೊದಲ ಹಿಮದ ಪೊರೆಯ ಮೇಲೆ ಬಿಸಿಲು ಬಿದ್ದು ಸೇಜ್ ಕುರುಚಲಿನಿಂದ ಏಳುವ ಆ ಕಟುವಾದ ಪರಿಮಳ ದಕ್ಷಿಣದ ದಿಬ್ಬಗಳಿಂದ ಬರುತ್ತಿದ್ದರೆ, ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾದದ್ದೂ ತಿಳಿಯದೆ ಆಕೆ ಆ ಕಡೆಗೆ ಮುಖಮಾಡಿ ನಿಂತಿರುತ್ತಿದ್ದಳು. ಟ್ರಕ್ಕಿನ ಕನ್ನಡಿಯಲ್ಲಿ ಅವಳ ಆಕೃತಿ ಚಿಕ್ಕದಾಗುತ್ತ ಹೋಗುವುದನ್ನು ನಾನು ಎರಡು ವರ್ಷ ನೋಡಿದೆ. ಅವಳೇನೂ ಕೈಬೀಸಲಿಲ್ಲ.

ಮೂರನೆಯ ವರ್ಷ ವರ್ಲಿನ್‌ನ ಕಣ್ಣಿಗೆ ರೋಗ ಹತ್ತಿತು. ದೃಷ್ಟಿಯ ನಟ್ಟನಡುವೆ ಒಂದು ಕಲೆ ಹುಟ್ಟಿ, ಎಣ್ಣೆ ಕಾಗದಕ್ಕೆ ಹರಡುವಂತೆ ಸುತ್ತಲೂ ಹರಡತೊಡಗಿತು. ದೃಷ್ಟಿ ಹೆಚ್ಚೆಂದರೆ ಎರಡೋ ಮೂರೋ ವರ್ಷ ಉಳಿದೀತು ಎಂದರು ವೈದ್ಯರು. ಅವನು ಅದನ್ನೂ ಊಟದ ಮೇಜಿನ ಮೇಲೆ ಹಾಸ್ಯವಾಗಿಯೇ ಬಡಿಸಿದ: "ನಿನ್ನ ಕಿವಿಗಳು ಕಾಣ್ತವೆ ಆರ್ಡಿ, ಮೂಗು ಮಾತ್ರ ಕಾಣಲ್ಲ. ನಂಗೇನೂ ನಷ್ಟ ಇಲ್ಲ."

ಬೋಲ್ಟ್ ಪಿಸ್ತೂಲಿನ ವಿಚಾರ ತೆಗೆದವನೂ ಅವನೇ. ರೈಫಲ್ಲಿನಂತೆಯೇ ಬೋಲ್ಟ್ ಎಂಬ ಅಗುಳಿಯನ್ನು ಹಿಂದಕ್ಕೆಳೆದು ಮುಂದಕ್ಕೆ ನೂಕಿ ತೋಟಾ ತುಂಬುವ, ಮೊಳದುದ್ದದ ನಳಿಗೆಯ, ಮೇಲೆ ದುರ್ಬೀನು ಕೂರಿಸಿಕೊಂಡ ಪಿಸ್ತೂಲು. ಭುಜಕ್ಕೆ ಆನಿಸುವ ಭಾಗವೇ ಅದಕ್ಕಿಲ್ಲ. ಬಂದೂಕಿನಂಗಡಿಯ ಹಾಲಿಸ್ ಪ್ರೂಯೆಟ್‌ನ ಬಳಿ ಅಂಥದೊಂದು ಬಂದಿತ್ತು. "ಇನ್ನೊಂದು ಸಲ ನಿನ್ ಜೊತೆ ಹೋಗ್ಬೇಕು ಕಣೇ, ನಂಗೆ ಕಾಣ್ತಿರೋವಾಗ್ಲೇ," ಎಂದ ವರ್ಲಿನ್. ಆಕೆ ಮರುದಿನ ಅಂಗಡಿಯ ಬಾಗಿಲು ತೆರೆಯುವುದಕ್ಕೆ ಮೊದಲೇ ಕೋಟು ತೊಟ್ಟು ಅದರ ಮುಂದೆ ನಿಂತಿದ್ದಳು.

ಆಸೆ ಅಷ್ಟು ತೀವ್ರವಾಗಿದ್ದರೂ ಆಯ್ಕೆಯ ಸ್ವಭಾವ ಬದಲಾಗಲಿಲ್ಲ. ಹಾಲಿಸನ ಬಳಿಯಿದ್ದ ಪಿಸ್ತೂಲಿನ ಹಿಡಿ ನಡುವೆ, ಬೋಲ್ಟು ಬಲಗಡೆ. ಪ್ರತಿ ಸಲ ತೋಟಾ ತುಂಬಲು ಬಲಗೈಯನ್ನು ಹಿಡಿಯಿಂದ ಬಿಡಿಸಿ ಎತ್ತಬೇಕು. ಮೂರು ವಾರ ಅಭ್ಯಾಸ ಮಾಡಿ ಹಿಂದಿರುಗಿಸಿದಳು. ಎರಡನೆಯದರ ಹಿಡಿ ತೀರ ಹಿಂದಿತ್ತು. ನಳಿಗೆಯ ಭಾರವೆಲ್ಲ ಮೂತಿಗೆ ಬಂದು, ಬಾಯಾರಿದ ಕುದುರೆ ನೀರಿಗೆ ಬಗ್ಗುವಂತೆ ಅದು ಮುಂದಕ್ಕೆ ಬಗ್ಗುತ್ತಿತ್ತು. ಮೂರನೆಯದರ ಟ್ರಿಗರ್ ಮರಳು ಸೇರಿದ ಬೀಗದಂತೆ ಕರಕರ ಎನ್ನುತ್ತಿತ್ತು. ನಾಲ್ಕನೆಯದು ಎಲ್ಲದರಲ್ಲೂ ಸರಿಯಿತ್ತು, ಆದರೆ ಅದರ ತೋಟಾ ದೊಡ್ಡದು. ಒದೆತ ತೋಳಿನುದ್ದಕ್ಕೂ ಹರಿದು ಏಳು ಸ್ಕ್ರೂಗಳನ್ನೂ ಮಾತಾಡಿಸಿತು. ಮೊದಲನೆಯದರ ನಂತರ ಒಂದೊಂದಕ್ಕೂ ತಿಂಗಳುಗಟ್ಟಲೆ ಕಾಯುವಿಕೆ, ತಿಂಗಳುಗಟ್ಟಲೆ ಪರೀಕ್ಷೆ. ಹೀಗೆ ಎರಡು ವರ್ಷ ಕಳೆದವು.

"ಮಿಸ್ ಆರ್ಡಿತ್, ಇದು ಬೇಟೆಗೂ ಆಗುತ್ತೆ, ಗುರಿ ಪಂದ್ಯಕ್ಕೂ ಆಗುತ್ತೆ. ಇದ್ರಲ್ಲೇನಿದೆ ದೋಷ?" ಎಂದು ಹಾಲಿಸ್ ಕೇಳುತ್ತಿದ್ದ. ಅವನು ಹತ್ತು ವರ್ಷ ಆಕೆಯ ಬಸ್ಸಿನಲ್ಲಿ ಹೋಗಿ ಬಂದವನು, ದನಿ ಏರಿಸಲಾರ.

"ದೋಷ ಇದೆ ಅಂತ ನಾನಂದ್ನಾ? ಹತ್ತಿರ ಇದೆ."

"ಹತ್ತಿರ ಅಂದ್ರೆ ಸಾಲದಾ?"

"ಹುಲ್ಲೆ ಹೊಟ್ಟೆಗೆ ಹೊಡೆದು ಮೂರು ಮೈಲಿ ನರಳಿಸ್ಕೊಂಡು ಓಡಿಸೋದಕ್ಕೂ ಎದೆಗೆ ಹತ್ತಿರಾನೇ ಅನ್ನಬಹುದು ಹಾಲಿಸ್."

ಶನಿವಾರಗಳಂದು ಊರಾಚೆಯ ಮೈದಾನದಲ್ಲಿ ಉಕ್ಕಿನ ಗುರಿಗಳ ಪಂದ್ಯ ನಡೆಯುತ್ತಿತ್ತು. ಐವತ್ತು ಗಜದಲ್ಲಿ ಕೋಳಿ, ನೂರರಲ್ಲಿ ಹಂದಿ, ನೂರೈವತ್ತರಲ್ಲಿ ಟರ್ಕಿ, ಇನ್ನೂರರಲ್ಲಿ ಟಗರು. ಎಲ್ಲವೂ ಉಕ್ಕಿನ ತಗಡಿನಲ್ಲಿ ಕತ್ತರಿಸಿದ ಆಕಾರಗಳು. ಆರ್ಡಿತ್ ಅಲ್ಲಿ ಅಂಗಾತ ಮಲಗಿ ಹೊಡೆಯುತ್ತಿದ್ದಳು: ಎಡಗೈ ತಲೆಯ ಕೆಳಗೆ, ಬಲಮೊಣಕಾಲು ಮಡಚಿ, ಮೀನಖಂಡಕ್ಕೆ ಕಟ್ಟಿದ ಚರ್ಮದ ಪಟ್ಟಿಯ ಮೇಲೆ ನಳಿಗೆ, ಬಲತೋಳು ಮೈಯುದ್ದಕ್ಕೂ ಚಾಚಿ. ತೋಳನ್ನು ಎತ್ತುವ ಪ್ರಶ್ನೆಯೇ ಬರದ ಆ ಹಳೆಯ ಭಂಗಿ ಆಕೆಗಾಗಿಯೇ ಯಾರೋ ಕಂಡುಹಿಡಿದಂತಿತ್ತು. ಪಕ್ಕದಲ್ಲಿ ನಿಂತು ದೂರದರ್ಶಕದಲ್ಲಿ ನೋಡಿ ಗುಂಡು ಎಲ್ಲಿ ತಾಗಿತೆಂದು ಹೇಳುವುದು ನನ್ನ ಕೆಲಸ.

"ಗುರಿ ಹಿಡೀತಿದ್ಯೋ, ಇಲ್ಲ ಮೋಡ ಎಣಿಸ್ತಿದ್ಯೋ?" ಹಿಂದಿನ ಬೆಂಚಿನಿಂದ ವರ್ಲಿನ್ ಕೂಗುತ್ತಿದ್ದ.

"ಅವನ ಬಾಯಿಗೇನಾದ್ರೂ ತುರುಕು, ಪತ್ರಿಕೆಯವನೇ," ಎಂದು ಆಕೆ ನನಗೆ ಹೇಳಿ ಉಸಿರು ಬಿಗಿಹಿಡಿಯುತ್ತಿದ್ದಳು. ದೂರದ ಟಗರು ಠಣ್ಣೆಂದು ಉರುಳಿದಾಗ ಅದು ಬಿದ್ದದ್ದು ವರ್ಲಿನ್‌ಗೆ ಕಾಣುತ್ತಿತ್ತು; ಒಂದು ವರ್ಷದ ಮೇಲೆ ಕೇವಲ ಕೇಳುತ್ತಿತ್ತು.

ಐದನೆಯದನ್ನು ಹಾಲಿಸ್ ಹಟತೊಟ್ಟು ಮಾಡಿಸಿದ. ಬೋಲ್ಟು ಎಡಗಡೆ, ಬಲಗೈ ಹಿಡಿಯಿಂದ ಕದಲಬೇಕಿಲ್ಲ. ನಡುವೆ ಆಕೆಯ ಅಂಗೈಯ ಅಚ್ಚು ತೆಗೆದು ಕೆತ್ತಿದ ವಾಲ್ನಟ್ ಮರದ ಹಿಡಿ. ಆರು ಮಿಲಿಮೀಟರಿನ ಸೌಮ್ಯವಾದ ತೋಟಾ. ಆಕೆ ಒಂದು ತಿಂಗಳು ಅದರಲ್ಲಿ ಹೊಡೆದು, ಮೇ ತಿಂಗಳ ಒಂದು ಮಧ್ಯಾಹ್ನ ಅಂಗಡಿಗೆ ಹೋಗಿ ಬರಿಗೈಯಲ್ಲಿ ನಿಂತಳು. ಹಾಲಿಸ್ ಅಭ್ಯಾಸಬಲದಿಂದ ಪಿಸ್ತೂಲು ಬಂದಿದ್ದ ರಟ್ಟಿನ ಡಬ್ಬಿಯನ್ನು, ವಾಪಸು ತುಂಬಲೆಂದು, ಒಳಗಿನಿಂದ ತಂದ.

"ಆ ಡಬ್ಬೀನ ಒಲೆಗೆ ಹಾಕು," ಎಂದಳು ಆರ್ಡಿತ್.

ಅಂಗಡಿಯಲ್ಲಿದ್ದ ಹಾಲಿಸ್, ನಾನು, ಇನ್ನೊಬ್ಬ ಗಿರಾಕಿ ಚಪ್ಪಾಳೆ ತಟ್ಟಿದೆವು. ಬಾಗಿಲ ಬಳಿಯಿದ್ದ ವರ್ಲಿನ್ ಕೂಡ ತಟ್ಟಿದ, ಆದರೆ ಎರಡು ಹೆಜ್ಜೆ ಬಲಕ್ಕೆ ಮುಖಮಾಡಿ.

ಬೇಟೆಯ ಲೈಸೆನ್ಸಿಗಾಗಿ ಆ ವರ್ಷ ಎತ್ತಿದ ಚೀಟಿಯಲ್ಲಿ ಆಕೆಯ ಹೆಸರು ಬಂತು. ಆದರೆ ಜೂನಿನಲ್ಲಿ ವರ್ಲಿನ್ ಟ್ರಕ್ಕಿನ ಕೀಲಿಯನ್ನು ತಾನಾಗಿಯೇ ತಂಗಿಯ ಕೈಗಿತ್ತ. ಆಗಸ್ಟಿನಲ್ಲಿ ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದ. ಅಂದು ಸಂಜೆ ನಾನಲ್ಲಿದ್ದೆ. ಮೇಜಿನಿಂದ ತೊಡೆಗೆ ತೊಟ್ಟಿಕ್ಕುತ್ತಿದ್ದ ಕಾಫಿಯನ್ನು ಒರೆಸುತ್ತ ಅವನು, ಎಂದೂ ಬಿಡದ ಹಾಸ್ಯವನ್ನು ಬಿಟ್ಟು, ಹೇಳಿದ: "ಮೊದಲ್ನೇ ಪಿಸ್ತೂಲೇ ಸಾಕಿತ್ತು ಕಣೇ ಆರ್ಡಿ. ಆಗ ನಂಗೆ ಉಕ್ಕಿನ ಟಗರಿನ ಕೊಂಬೂ ಕಾಣ್ತಿತ್ತು."

ಆಕೆ ಬಟ್ಟೆ ತಂದು ನೆಲ ಒರೆಸಿದಳು. ಬಹಳ ಹೊತ್ತು ಒರೆಸಿದಳು. ಆಮೇಲೆ ನನ್ನನ್ನು ಗೇಟಿನವರೆಗೆ ಬಿಡಲು ಬಂದವಳು, "ಅವನು ಹೇಳಿದ್ದು ಸರಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಅಕ್ಟೋಬರಿನಲ್ಲಿ ಮೂವರೂ ಹೋದೆವು. ಮೊದಲ ದಿನ ಹುಲ್ಲೆಗಳು ದೂರವಿದ್ದವು. ಎರಡನೆಯ ದಿನ ಗಾಳಿ ಅತಿಯಾಗಿತ್ತು. ಆಕೆ ಎರಡೂ ದಿನ ಟ್ರಿಗರ್ ಮುಟ್ಟಲಿಲ್ಲ. ಮೂರನೆಯ ಬೆಳಗ್ಗೆ ತಗ್ಗಿನ ಆಚೆ ಒಂದು ಹಿಂಡು ಮೇಯುತ್ತಿರುವುದು ಕಂಡಿತು. ಅಲ್ಲಿಯವರೆಗೆ ಬಂಡೆಗೊರಗಿ ಕೂತಿರುತ್ತಿದ್ದ ವರ್ಲಿನ್ ಆ ದಿನ ಒಪ್ಪಲಿಲ್ಲ. ಆರ್ಡಿತ್ ಒಂದು ಮೊಣಕೈಯ ಮೇಲೆ ತೆವಳುತ್ತ ಹೋದರೆ, ಆಕೆಯ ಬೂಟಿನ ಹಿಮ್ಮಡಿ ಹಿಡಿದುಕೊಂಡು ಅವನೂ ಕುರುಚಲಿನ ನಡುವೆ ತೆವಳಿದ. ಅವನ ಹಿಂದೆ ನಾನು. ದಿಬ್ಬದ ಅಂಚಿನಲ್ಲಿ ಆಕೆ ಹೊರಳಿ ಅಂಗಾತ ಮಲಗಿ, ಕಾಲು ಮಡಚಿ, ಪಿಸ್ತೂಲನ್ನು ಆನಿಸಿದಳು. ನೂರಮೂವತ್ತು ಗಜ. ಗಂಡು ಹುಲ್ಲೆ ಪಕ್ಕೆ ತೋರಿಸಿ ನಿಂತಿತ್ತು. ಇಂಥ ಅವಕಾಶಕ್ಕಾಗಿಯೇ ಐದು ವರ್ಷ ಕಾದಿದ್ದವಳು ಹೊಡೆಯಲಿಲ್ಲ, ಪಿಸುದನಿಯಲ್ಲಿ ಮಾತಾಡತೊಡಗಿದಳು.

"ಎಡಕ್ಕೆ ತಿರುಗಿ ನಿಂತಿದೆ ವರ್ಲಿನ್. ಕತ್ತಿನ ಕೆಳಗೆ ಎರಡು ಬಿಳಿ ಪಟ್ಟೆ. ಬಲಗೊಂಬು ಸ್ವಲ್ಪ ಒಳಕ್ಕೆ ಬಾಗಿದೆ, ಆ ವರ್ಷ ನೀನು ಹೊಡೆದ್ಯಲ್ಲ, ಅದರ ಹಾಗೆ. ಬಿಸಿಲು ಬೆನ್ನಿನ ಮೇಲಿದೆ. ಉಸಿರು ಹಬೆ ಹಬೆಯಾಗಿ ಕಾಣ್ತಿದೆ."

"ಹೆಣ್ಣು ಎಷ್ಟಿವೆ?"

"ಏಳು. ಒಂದು ಮಲಗಿದೆ. ಒಂದು ನಮ್ಮ ಕಡೇನೇ ನೋಡ್ತಿದೆ."

ದಿನಕ್ಕೆ ಹತ್ತು ಮಾತಾಡದವಳು ಅಷ್ಟನ್ನು ಒಂದೇ ಉಸಿರಿನಲ್ಲಿ ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ವರ್ಲಿನ್ ಕಣ್ಣು ಮುಚ್ಚಿಕೊಂಡು, ತುಟಿ ಸ್ವಲ್ಪ ತೆರೆದು ಕೇಳುತ್ತಿದ್ದ. ಆಮೇಲೆ ಅವನೇ ಹೇಳಿದ: "ಸರಿ. ಹೊಡಿ."

ಒಂದೇ ಗುಂಡು. ಹುಲ್ಲೆ ನಿಂತಲ್ಲಿಯೇ ಕುಸಿಯಿತು, ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಆರ್ಡಿತ್ ಏಳಲಿಲ್ಲ. ಭುಜಕ್ಕೆ ಪೆಟ್ಟಾಯಿತೇನೋ ಎಂದು ನಾನು ಹತ್ತಿರ ಹೋದೆ. ಆಕೆ ಆಕಾಶ ನೋಡುತ್ತ ಮಲಗಿದ್ದಳು. ಎರಡೂ ಕಣ್ಣುಗಳಿಂದ ನೀರು ಪಕ್ಕಕ್ಕೆ ಜಾರಿ ಕಿವಿಗಳೊಳಕ್ಕೆ ಇಳಿಯುತ್ತಿತ್ತು. "ಎರಡು ವರ್ಷ, ವರ್ಲಿನ್," ಎಂದಳು.

"ಗೊತ್ತು ಬಿಡು," ಎಂದ ಅವನು, ತಡಕಿ ಆಕೆಯ ಎಡಗೈ ಹಿಡಿದು. "ಏಳು ಈಗ. ಬಿಸಿಲೇರಿದ್ರೆ ಮಾಂಸ ಕೆಡುತ್ತೆ."

ಹುಲ್ಲೆಯ ಹೊಟ್ಟೆ ಬಗೆದು ಹಸನು ಮಾಡಿದವನು ಅವನೇ. ನಾನು ಕಾಲುಗಳನ್ನು ಹಿಡಿದುಕೊಂಡೆ. ಅವನ ಚಾಕು ಎಲ್ಲೂ ತಪ್ಪಲಿಲ್ಲ, ಎಲ್ಲೂ ಅವಸರಿಸಲಿಲ್ಲ. ಮಧ್ಯೆ ಒಮ್ಮೆ ಅವನು ಆ ಬಾಗಿದ ಕೊಂಬಿನ ಮೇಲೆ ಹೆಬ್ಬೆರಳನ್ನು ಮೇಲಿನಿಂದ ಕೆಳಗಿನವರೆಗೆ ಎಳೆದು, "ಹೌದು, ಅದರ ಹಾಗೇ ಇದೆ," ಎಂದ.

ಮರುವರ್ಷದ ಹೊತ್ತಿಗೆ ವರ್ಲಿನ್‌ಗೆ ಅಂಗಳದ ಮೆಟ್ಟಿಲೂ ಕಷ್ಟವಾಗಿತ್ತು. ಆರ್ಡಿತ್ ಒಬ್ಬಳೇ ಹೋದಳು, ನಾನೂ ಬೇಡವೆಂದಳು. ಮಧ್ಯಾಹ್ನಕ್ಕೆ ಬರಿಗೈಯಲ್ಲಿ ಬಂದಳು. ಸಿಗಲಿಲ್ಲವೇ ಎಂದು ಕೇಳಿದೆ. ಪಿಸ್ತೂಲನ್ನು ಮೇಜಿನ ಮೇಲಿಟ್ಟು ಬೋಲ್ಟ್ ತೆರೆದು ತೋಟಾ ಹೊರತೆಗೆಯುತ್ತ ಆಕೆ ಹೇಳಿದಳು: "ಸಿಕ್ತು. ನೂರು ಗಜದಲ್ಲಿ. ಪಕ್ಕದಲ್ಲಿ ಕೇಳಿಸ್ಕೊಳ್ಳೋಕೆ ಯಾರೂ ಇರ್ಲಿಲ್ಲ."

ಅಂಥವರನ್ನು ಕಂಡು ನಾವು ನಗುತ್ತೇವೆ. ಸಿಕ್ಕಿದ್ದರಲ್ಲಿ ತೃಪ್ತರಾಗುವ ನಮಗೆ ಅವರ ಶೋಧನೆ ಹಟದಂತೆ, ಕೆಲವೊಮ್ಮೆ ಅಹಂಕಾರದಂತೆ ಕಾಣುತ್ತದೆ. ಆದರೆ ಕಳೆದುಹೋದದ್ದರ ಆಕಾರವನ್ನು ಕೂದಲೆಳೆಯಷ್ಟೂ ತಪ್ಪಿಲ್ಲದೆ ನೆನಪಿಟ್ಟುಕೊಂಡವರು ಲೋಕದಲ್ಲಿ ಅವರಷ್ಟೇ. ನಾವು ಆ ತೆರವನ್ನು ಕೈಗೆ ಸಿಕ್ಕಿದ್ದರಿಂದ ತುಂಬಿ ಮರೆಯುತ್ತೇವೆ, ಅವರು ಸರಿಯಾದದ್ದು ಬರುವವರೆಗೆ ಅದನ್ನು ಹಾಗೆಯೇ ತೆರೆದಿಟ್ಟುಕೊಂಡು ಬದುಕುತ್ತಾರೆ. ಕೊನೆಗೆ ಅದು ಬಂದೇ ಬರುತ್ತದೆ, ಏಕೆಂದರೆ ಕಾಯುವುದು ಅವರಿಗೆ ಗೊತ್ತು. ಅವರು ಯಾರಿಗಾಗಿ ಅಷ್ಟು ಸರಿಯಾಗಿ ಆರಿಸಲು ಹೊರಟಿದ್ದರೋ, ಆ ಮನುಷ್ಯರಿಗೆ ಮಾತ್ರ ಅಷ್ಟು ಕಾಲ ಕಾಯುವುದು ಸಾಧ್ಯವಾಗುವುದಿಲ್ಲ.