ಐದಗಲ್ಲ ಕ್ರಾಸಿನ ಆರನೆಯ ಕಲ್ಲು

ಬೈಲಹೊಂಗಲದಿಂದ ಸವದತ್ತಿಗೆ ಹೊರಟ ಬಸ್ಸು ಅಜೀಜಾಬಿಯ ಚಹಾದಂಗಡಿಯ ಎದುರು ನಿಂತಾಗ ಕಂಡಕ್ಟರ್ ‘ಐದಗಲ್ಲ, ಐದಗಲ್ಲ’ ಎಂದು ಕೂಗುತ್ತಾನೆ. ಅವನ ಕೈಯ ಟಿಕೆಟ್ ಯಂತ್ರದಲ್ಲಿ ಮಾತ್ರ ಈ ನಿಲುಗಡೆಯ ಹೆಸರು ಇನ್ನೂ ‘ಮೂರಗಲ್ಲ’. ಅದು ಯಂತ್ರದ ತಪ್ಪಲ್ಲ. ಅದರೊಳಗೆ ಹೆಸರು ತುಂಬಿದ ಕಾಲಕ್ಕೆ ಅಲ್ಲಿ ಇದ್ದದ್ದೇ ಮೂರು ಕಲ್ಲು.

ಇವು ದೇವರ ಕಲ್ಲುಗಳಲ್ಲ, ವೀರಗಲ್ಲುಗಳೂ ಅಲ್ಲ. ಒಂದೇ ರಸ್ತೆಗೆ ಬೇರೆ ಬೇರೆ ಸರಕಾರಗಳು ಇಟ್ಟ ಅಡಿಗಲ್ಲುಗಳು. ರಸ್ತೆಯ ಎಡಬದಿಯ ಬೇವಿನ ಮರದ ಕೆಳಗೆ ಸಾಲಾಗಿ ನಿಂತಿವೆ. ಬಲಬದಿಗೆ ಅಜೀಜಾಬಿಯ ಅಂಗಡಿ. ಲಾರಿ ಓಡಿಸುತ್ತಿದ್ದ ಗಂಡ ರಹಿಮಾನಸಾಬ ಕಟ್ಟಿಸಿಕೊಟ್ಟು ಹೋದದ್ದು. ಐದೂ ಕಲ್ಲುಗಳ ಪೂಜೆಯನ್ನು ಆಕೆ ಬಾಣಲೆಯ ಮುಂದೆ ಕುಳಿತೇ ನೋಡಿದ್ದಾಳೆ. ಐದೂ ಸಲ ಗಣ್ಯರು ತಿಂದದ್ದು ಆಕೆ ಕರಿದ ಮಿರ್ಚಿಯನ್ನೇ.

ಮೊದಲನೆಯ ಕಲ್ಲು, ಜಿಲ್ಲಾ ರಸ್ತೆಯನ್ನು ರಾಜ್ಯ ಹೆದ್ದಾರಿಯ ದರ್ಜೆಗೆ ಏರಿಸಿದ್ದಕ್ಕೆ. ಮಂತ್ರಿಗಳ ಮುಹೂರ್ತ ಬಂದಿತ್ತು, ಹೆದ್ದಾರಿಯ ಸಂಖ್ಯೆ ಇನ್ನೂ ಬಂದಿರಲಿಲ್ಲ. ಹಾಗಾಗಿ ‘ರಾಜ್ಯ ಹೆದ್ದಾರಿ ಸಂಖ್ಯೆ’ ಎಂದು ಕೆತ್ತಿ ಮುಂದೆ ಅಂಗೈಯಗಲ ಜಾಗ ಬಿಟ್ಟರು. ಈಗ ಆ ಜಾಗದಲ್ಲಿ ಪಂಕ್ಚರ್ ತೆಗೆಯುವವನ ಮೊಬೈಲ್ ಸಂಖ್ಯೆ ಇದೆ. ದಾರಿಯಲ್ಲಿ ಕೆಟ್ಟು ನಿಂತವರಿಗೆ ಆ ಕಲ್ಲಿನಿಂದ ಆದಷ್ಟು ಉಪಕಾರ ಉಳಿದ ನಾಲ್ಕರಿಂದ ಆಗಿಲ್ಲ.

ಎರಡನೆಯ ಕಲ್ಲಿನ ಹೊತ್ತಿಗೆ ಸಂಖ್ಯೆ ಸಿಕ್ಕಿತು: 211. ಬೈಲಹೊಂಗಲದಿಂದ ಈ ಕ್ರಾಸಿನ ಮೇಲೆ ನೇರ ಸವದತ್ತಿಗೆ. ಮುಂದಿನ ಸರಕಾರ ನಕ್ಷೆಯನ್ನು ಹೊಸದಾಗಿ ಬರೆಸಿತು. 211 ಬೇರೆಲ್ಲಿಗೋ ಹೋಯಿತು, ಇಲ್ಲಿಗೆ 243 ಬಂತು. ಅದು ಕಿತ್ತೂರಿನಲ್ಲಿ ಹುಟ್ಟಿ, ಬೈಲಹೊಂಗಲ ದಾಟಿ, ಸರಿಯಾಗಿ ಅಜೀಜಾಬಿಯ ಬಾಣಲೆಯ ಎದುರು ಹೊರಳಿ ರಾಮದುರ್ಗದ ದಾರಿ ಹಿಡಿಯುತ್ತಿತ್ತು. ಅದಕ್ಕೆ ಮೂರನೆಯ ಕಲ್ಲು. ಸವದತ್ತಿಯ ರಸ್ತೆ ಇದ್ದಲ್ಲೇ ಇತ್ತು, ಒಂದು ತಗ್ಗು ಕೂಡ ಜಾಗ ಬದಲಿಸಿರಲಿಲ್ಲ. ಆದರೂ ತಮ್ಮ ಸಂಖ್ಯೆ ಹೋಯಿತೆಂದು ಆ ಕಡೆಯ ಮುಖಂಡರು ರಸ್ತೆ ತಡೆ ನಡೆಸಿದರು. 211ನ್ನು ಮರಳಿ ಕರೆತಂದು ನಾಲ್ಕನೆಯ ಕಲ್ಲು ನೆಟ್ಟರು. ಹೀಗಾಗಿ ಬೈಲಹೊಂಗಲದಿಂದ ಕ್ರಾಸಿನವರೆಗಿನ ರಸ್ತೆಗೆ ಎರಡು ಸಂಖ್ಯೆಗಳಾದವು. ತಗ್ಗು ಮುಚ್ಚಿರೆಂದು ಕೇಳಿದರೆ 211 ನೋಡಿಕೊಳ್ಳುವವರು ಅದು 243ರ ತಗ್ಗು ಎನ್ನುವರು, 243ರವರು ಅದು 211ರದು ಎನ್ನುವರು. ನಾಡಿನಲ್ಲಿ ಇಷ್ಟು ನೆಮ್ಮದಿಯಾಗಿ ಬಾಳಿದ ತಗ್ಗುಗಳು ಬೇರೆ ಇರಲಿಕ್ಕಿಲ್ಲ.

ಐದನೆಯದು ಕರಿ ಗ್ರಾನೈಟಿನದು, ಬಂಗಾರದ ಬಣ್ಣದ ಅಕ್ಷರ. 243ನ್ನು ಚತುಷ್ಪಥ ಮಾಡುವುದಕ್ಕೆ. ಅದರ ಮೇಲೆ ಗಣ್ಯರ ಹೆಸರುಗಳು ಎಷ್ಟಿವೆಯೆಂದರೆ, ರಸ್ತೆಯ ಹೆಸರಿಗೆ ಕೊನೆಯಲ್ಲಿ ಒಂದು ಮೂಲೆ ಸಿಕ್ಕಿದೆ.

ಐದೂ ಸಮಾರಂಭಗಳಿಗೆ ಪೆಂಡಾಲು, ಹಾರ, ತೆಂಗಿನಕಾಯಿ ಒದಗಿಸಿದವರು ಪಂಚಾಯತಿಯ ಮಾಜಿ ಅಧ್ಯಕ್ಷ ಶಂಕರೆಪ್ಪ. ಸರಕಾರ ಯಾವುದೇ ಇರಲಿ, ಪೆಂಡಾಲು ಅವರದೇ. ಮೂರನೆಯ ಕಲ್ಲಿನ ತಳದಲ್ಲಿ ಅವರ ಹೆಸರೂ ಇದೆ. ಹುಲ್ಲು ಸರಿಸಿದರೆ ಕಾಣುತ್ತದೆ. ಮಳೆಗಾಲ ಮುಗಿದ ಮೇಲೆ ಅವರೇ ಬಂದು ಹುಲ್ಲು ಸರಿಸಿ ಹೋಗುತ್ತಾರೆ.

ಹೀಗಿರುವಾಗ ಕಳೆದ ವರ್ಷ ಯಾರೂ ನಿರೀಕ್ಷಿಸದ ಘಟನೆಯೊಂದು ನಡೆಯಿತು. ಅಡಿಗಲ್ಲು ಇಟ್ಟ ಕೆಲಸ ಶುರುವಾಯಿತು.

ರಸ್ತೆ ಇಲಾಖೆಯ ಎಂಜಿನಿಯರ್ ಸಿದ್ಧಾರೂಢ ಟೇಪು, ಬಣ್ಣದ ಡಬ್ಬಿ ಮತ್ತು ಆಳುಗಳೊಡನೆ ಬಂದ. ರಾಮದುರ್ಗದ ಕಡೆಯ ಹುಡುಗ, ತಗ್ಗಿಸಿದ ತಲೆ ಎತ್ತದೆ ಕೆಲಸ ಮಾಡುವವನು. ಅಜೀಜಾಬಿ ಕಡ್ಲಿಹಿಟ್ಟು ಕಲಸುವುದನ್ನು ಬಿಟ್ಟು ಹೊರಗೆ ಬರುವಷ್ಟರಲ್ಲಿ ಅಂಗಡಿಯ ಹಿಂಗೋಡೆಯ ಮೇಲೆ ಕೆಂಪು ಗೀಟು ಬಿದ್ದಿತ್ತು.

“ಸಾಹೇಬ್ರ, ಗ್ವಾಡಿಗೆ ಬಣ್ಣ ಬೇಕಾಗಿದ್ರ ನಾವ ಹಚ್ಚಕೊಂತಿದ್ವಿ.”

“ಚಾಚಿ, ಈ ಗೀಟಿನ ತನಕ ರೋಡ್ ಬರತೈತ್ರಿ.”

“ಮತ್ತ ಅಂಗಡಿ?”

ಸಿದ್ಧಾರೂಢ ಟೇಪು ಸುತ್ತಿಕೊಂಡ. “ಅಂಗಡಿ ರೋಡಿನ್ಯಾಗ ಬರತೈತ್ರಿ.”

“ಹಿಂದ ಸರಕೊಳ್ಳೂಣು ಅಂದ್ರ ಹಿಂದ ಹಳ್ಳ ಐತಿ. ಹಳ್ಳದಾಗ ಕುಂತ ಮಿರ್ಚಿ ಕರೀಲೇನು?”

“ಪರಿಹಾರ ಬರತೈತ್ರಿ.”

“ಹೆಂಗ ಬರತೈತಿ? 211 ಬಂದಂಗೋ, 243 ಬಂದಂಗೋ?”

ಆಳುಗಳು ನಕ್ಕರು. ಸಿದ್ಧಾರೂಢ ನಗಲಿಲ್ಲ. ಅಜೀಜಾಬಿ ಎದುರಿನ ಬೇವಿನ ಮರದ ಕಡೆಗೆ ಕೈ ಮಾಡಿದಳು. “ಆಕಡೆ ಅಷ್ಟ ಜಾಗಾ ಖಾಲಿ ಬಿದ್ದೈತಿ. ಅತ್ತಾಗ ಅಗಲ ಮಾಡ್ರಿ.”

“ಖಾಲಿ ಎಲ್ಲೈತ್ರಿ? ಕಲ್ಲ ಅದಾವಲ್ಲ.”

“ಕಿತ್ತ ಹಿಂದ ಇಡ್ರಿ. ಕಲ್ಲೇನ ಅಳತಾವ?”

ಸಿದ್ಧಾರೂಢ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಚಾಚಿ, ನನಕಿಂತ ಮದಲ ಇದ್ದ ಸಾಹೇಬ್ರು ಪೈಪ್ ಹಾಕಾಕ ಅಂತ ಎರಡನೇ ಕಲ್ಲ ಒಂದ ಮಾರ ಸರಸಿದ್ರು. ಅವರ ಈಗ ಎಲ್ಲಿ ಅದಾರ ಗೊತ್ತೇನ್ರಿ?”

“ಎಲ್ಲೆ?”

“ನಮಗೂ ಗೊತ್ತಿಲ್ರಿ. ಫೋನ್ ಹಚ್ಚಿದ್ರ, ಇಲ್ಲೆ ನೆಟ್‌ವರ್ಕ್ ಇಲ್ಲಪಾ ಅಂತಾರ, ಕಟ್ ಆಕೈತಿ.”

ಅವನ ಹೆದರಿಕೆಯಲ್ಲಿ ಅರ್ಥವಿತ್ತು. ಆಳುವವರು ತಮ್ಮ ಕಲ್ಲನ್ನು ತಾವೇ ಕೀಳುವಂತಿಲ್ಲ. ವಿರೋಧಿಗಳ ಕಲ್ಲನ್ನು ಕಿತ್ತರೆ, ಇದ್ದೂ ಇಲ್ಲದಂತಿದ್ದ ಆ ಕಲ್ಲಿಗೆ ಮರುದಿನವೇ ಹಾರ ಬೀಳುತ್ತದೆ, ಅದರ ಮುಂದೆ ಧರಣಿ ನಡೆಯುತ್ತದೆ. ಹಾಗಾಗಿ ರಸ್ತೆ ಅಗಲವಾಗಲು ಅಡ್ಡ ಬಂದದ್ದು ಆ ರಸ್ತೆಯ ಅಡಿಗಲ್ಲುಗಳೇ. ಅವುಗಳನ್ನು ಉಳಿಸಲು ನಕ್ಷೆಯ ನಡುಗೆರೆ ಬಲಕ್ಕೆ ವಾಲಿ ಅಜೀಜಾಬಿಯ ಬಾಣಲೆಯ ಮೇಲೆ ಹಾಯ್ದಿತ್ತು.

ಆಕೆ ಒಳಗೆ ಹೋಗಿ ಹಿಟ್ಟು ಕಲಸತೊಡಗಿದಳು. ಮಗ ಫಾರೂಕ್‌ನ ಟ್ರ್ಯಾಕ್ಟರಿಗೆ ಸುಗ್ಗಿಯಲ್ಲಷ್ಟೇ ಬಾಡಿಗೆ. ವರ್ಷವಿಡೀ ಒಲೆ ಉರಿಸುವುದು ಈ ಅಂಗಡಿ. ಇದು ಹೋದರೆ ಮನೆ ನಿಲ್ಲುವಂತಿಲ್ಲ. ಈ ನಾಡಿನಲ್ಲಿ ಅಂಗಡಿ ಒಡೆಯಬಹುದು, ಹಳ್ಳ ಹೊರಳಿಸಬಹುದು, ಸಂಖ್ಯೆಯನ್ನಂತೂ ಬೇಕಾದಲ್ಲಿಗೆ ಒಯ್ಯಬಹುದು. ಒಯ್ಯಲಾಗದ್ದು ಒಂದೇ. ಅದು ಅಡಿಗಲ್ಲು; ಎಡಬದಿಗೆ ಐದಿದ್ದವು, ಬಲಬದಿಗೆ ಒಂದೂ ಇರಲಿಲ್ಲ.

ಸಂಜೆ ಶಂಕರೆಪ್ಪ ಚಹಾಕ್ಕೆ ಬಂದಾಗ ಆಕೆ ಕೇಳದೆಯೇ ಮಿರ್ಚಿ ಇಟ್ಟಳು. ಶಂಕರೆಪ್ಪ ತಟ್ಟೆಯನ್ನು ಅನುಮಾನದಿಂದ ನೋಡಿದರು.

“ಏನ ಬೇಕಾಗೇತಿ ಹೇಳಬೇ ಮದಲ. ಆಮ್ಯಾಲ ತಿಂತೇನಿ.”

“ಅಣ್ಣಾರ, ಐದನೇ ಕಲ್ಲಿನ್ಯಾಗ ನಮ್ಮ ಎಮ್ಮೆಲ್ಲೆ ಸಾಹೇಬ್ರ ಹೆಸರ ಎಷ್ಟನೇದು?”

“ಹದಿನಾಕನೇದು.”

“ಇಷ್ಟ ದೊಡ್ಡ ಮನಷಾ, ಹದಿನಾಕನೇದು! ಅವರದ ಮದಲನೇ ಹೆಸರ ಇರೋ ಕಲ್ಲ ಒಂದರೆ ಬ್ಯಾಡೇನ್ರಿ ಈ ಕ್ರಾಸಿಗೆ?”

“ಗಿಡದ ಬುಡಕ ಜಾಗಾ ಎಲ್ಲೈತಿ? ಫೋಟೋ ತಗದ್ರ ಮಂದೀ ಕಲ್ಲ ಎಲ್ಲಾ ಅದರಾಗ ಬರತಾವ.”

“ಈಕಡೆ ಬಯಲ ಐತಲ್ಲ. ನಮ್ಮ ಕಟ್ಟಿ ಮುಂದ. ನೀವ ನಿಂತ್ರ ನೀವೂ ಫೋಟೋದಾಗ ಬರತೀರಿ.”

ಶಂಕರೆಪ್ಪ ಮಿರ್ಚಿ ಎತ್ತಿಕೊಂಡರು. “ಯಾತಕ್ಕ ಅಂತ ಕಲ್ಲ ಹಾಕೂದು? ರೋಡಿಗೆ ಹಾಕಿ ಆಗೇತಿ.”

“ಅದನ್ನ ನೀವ ಹೇಳಬೇಕ್ರಿ. ನಂಗೇನ ತಿಳೀತೈತಿ?”

ಅವರು ಎರಡನೆಯ ಮಿರ್ಚಿ ಮುಗಿಸುವಷ್ಟರಲ್ಲಿ ಹೇಳಿದರು: ‘ರಾಜ್ಯ ಹೆದ್ದಾರಿ 243ರ ಸ್ವಾಗತ ಕಮಾನು’. ಕಮಾನಿಗೆ ರಸ್ತೆಯ ಎರಡೂ ಬದಿಗೆ ಕಾಲು ಬೇಕು. ಒಂದು ಕಾಲಿಗೆ ಈಗ ಅಡಿಗಲ್ಲು, ಇನ್ನೊಂದಕ್ಕೆ ಮುಂದಿನ ಬಜೆಟ್ಟು.

ಸಮಾರಂಭ ಚೆನ್ನಾಗಿ ನಡೆಯಿತು. ಬೆಳ್ಳಿಬಣ್ಣ ಹಚ್ಚಿದ ಗುದ್ದಲಿಯಿಂದ ಶಾಸಕರು ಎರಡು ಹಿಡಿ ಮಣ್ಣು ಎತ್ತಿದರು. ಕಲ್ಲನ್ನು ಎಲ್ಲಿ ನಿಲ್ಲಿಸುವುದೆಂಬ ಮಾತು ಬಂದಾಗ ಅಜೀಜಾಬಿ ಸೆರಗು ಹೊದ್ದು ಮುಂದೆ ಬಂದು, “ಇನ್ನ ಸ್ವಲ್ಪ ಮುಂದ ತರ್ರಿ, ಸಾಹೇಬ್ರಿಗೆ ಬಿಸಲ ಬೀಳತೈತಿ, ಹಾಂ, ಅಲ್ಲೇ” ಎಂದಳು. ಕಲ್ಲು ಡಾಂಬರಿನ ಅಂಚಿಗೆ ಬಂದು ನಿಂತಿತು. ಅದರ ಮೇಲೆ ಶಾಸಕರದು ಮೊದಲನೆಯ ಹೆಸರು, ಶಂಕರೆಪ್ಪನವರದು ಎರಡನೆಯದು. ಹುಲ್ಲಿನ ತೊಂದರೆ ಇರಲಿಲ್ಲ.

ಮರುವಾರ ಸಿದ್ಧಾರೂಢ ಬಂದು ಆ ಕಲ್ಲನ್ನು ಎರಡು ಸಲ ಓದಿದ.

“ಚಾಚಿ, ಇದೇನ ಮಾಡೀರಿ?”

“ನಾ ಎಲ್ಲಿ ಮಾಡೇನ್ರಿ ಸಾಹೇಬ್ರ? ಸರಕಾರ ಮಾಡೇತಿ. ನಾ ಮಿರ್ಚಿ ಅಷ್ಟ ಮಾಡೇನಿ. ಕುಂಡ್ರಿ, ಬಿಸಿ ಅದಾವ.”

ಅವನು ಕುಳಿತ. ಬೇರೆ ದಾರಿಯೂ ಇರಲಿಲ್ಲ. ಎರಡು ಕಡೆಯಿಂದಲೂ ಚತುಷ್ಪಥ ಬಂತು. ಬಂದು, ಐದಗಲ್ಲ ಕ್ರಾಸಿನ ಈಚೆಗೂ ಆಚೆಗೂ ನಿಂತುಬಿಟ್ಟಿತು. ನಡುವೆ ಕಲ್ಲುಗಳ ಓಣಿ, ಒಂದು ಲಾರಿ ಹಾಯಬೇಕಾದರೆ ಇನ್ನೊಂದು ಕಾಯಬೇಕು. ಕಾಯುವ ಲಾರಿಯವರು ಇಳಿದು ಚಹಾ ಕುಡಿಯುತ್ತಿದ್ದರು. ಆ ನಾಲ್ಕು ತಿಂಗಳು ಅಜೀಜಾಬಿಯ ಅಂಗಡಿಗೆ ಬಂದ ಗಿರಾಕಿ ಹಿಂದೆಂದೂ ಬಂದಿರಲಿಲ್ಲ.

ಇಲಾಖೆ ತನ್ನ ಬುದ್ಧಿಯನ್ನೆಲ್ಲ ಬಳಸಿ ಒಂದು ಪರಿಹಾರ ಹುಡುಕಿತು. ಕಲ್ಲುಗಳನ್ನು ಸರಿಸಲಾಗದಿದ್ದರೆ ಹೆದ್ದಾರಿಯನ್ನೇ ಸರಿಸುವುದು. ಕ್ರಾಸಿಗೆ ಮೊದಲೇ ಎರೆಹೊಲಗಳಲ್ಲಿ ಹೊರಳಿ, ಊರನ್ನು ಬಳಸಿ, ಮುಂದೆ ರಾಮದುರ್ಗದ ರಸ್ತೆಯನ್ನು ಕೂಡುವ ಬೈಪಾಸ್. ‘243ರ ಪರಿಷ್ಕೃತ ಮಾರ್ಗ’ ಎಂದು ಪ್ರಕಟಣೆ ಬಂತು. ಹೊಲಗಳಲ್ಲಿ ಯಾವ ಗಣ್ಯರ ಹೆಸರೂ ನೆಟ್ಟಿರಲಿಲ್ಲವಾದ್ದರಿಂದ ಕೆಲಸ ಬೇಗ ಮುಗಿಯಿತು. 211ಕ್ಕೂ ಅದೇ ದಾರಿ ತೋರಿಸಿದರು. ಹಳೆಯ ತುಂಡು ರಸ್ತೆ, ಆರು ಕಲ್ಲುಗಳು ಮತ್ತು ಎಲ್ಲ ತಗ್ಗುಗಳ ಸಮೇತ ಗ್ರಾಮ ಪಂಚಾಯತಿಗೆ ಹಸ್ತಾಂತರವಾಯಿತು.

ಲಾರಿಗಳು ಬರುವುದು ನಿಂತಿತು. ಬಸ್ಸು ದಿನಕ್ಕೆ ಎರಡು ಸಲ, ಹಳೆಯ ಋಣಕ್ಕೆಂಬಂತೆ ಬರುತ್ತಿತ್ತು. ರಸ್ತೆಯ ನಡುವೆ ಆಡುಗಳು ಮಲಗುತ್ತಿದ್ದವು. ಹಿಟ್ಟು ಹುಳಿಯಾಗುತ್ತಿತ್ತು.

“ಅಂಗಡಿ ಉಳಸಕೊಂಡಿ ನೋಡ ತಂಗಿ,” ಎಂದು ಶಂಕರೆಪ್ಪ ನಕ್ಕರು. “ರೋಡ ಅಷ್ಟ ಹೋತು.”

“ಕಮಾನ ಯಾವಾಗ ಕಟ್ಟತಾರ್ರಿ ಅಣ್ಣಾರ? ಆಡಿನ ಮಂದೀನರೆ ಸ್ವಾಗತ ಮಾಡೂಣು.”

ಶಂಕರೆಪ್ಪ ಆ ಮಾತಿಗೆ ನಿಲ್ಲಲಿಲ್ಲ, ಅವಸರದಲ್ಲಿದ್ದರು. ಬೈಪಾಸ್ ರಾಮದುರ್ಗದ ರಸ್ತೆಯನ್ನು ಕೂಡುವ ಹೊಸ ಕೂಟದಲ್ಲಿ, ಪ್ರಕಟಣೆ ಬರುವ ಮೊದಲೇ ಅವರು ಒಂದು ಮೂಲೆ ಖರೀದಿಸಿದ್ದರು. ಧಾಬಾಕ್ಕೆ ಗೋಡೆ ಏಳುತ್ತಿತ್ತು. ಅಜೀಜಾಬಿ ಅದರ ಎದುರಿನ ಮೂಲೆಯಲ್ಲಿ ರೈತ ಸಂಗಪ್ಪನ ಹೊಲದ ಬದುವಿನ ಜಾಗವನ್ನು ಲಾವಣಿಗೆ ಹಿಡಿದು, ವರ್ಷಕ್ಕಿಷ್ಟೆಂದು ಬಾಡಿಗೆ ಗೊತ್ತುಮಾಡಿ, ತಗಡಿನ ಅಂಗಡಿ ಹಾಕಿದಳು. ಬಾಣಲೆ ಮತ್ತೆ ಕಾಯಿತು, ಲಾರಿಗಳು ಮತ್ತೆ ನಿಂತವು. ಎರಡನೆಯ ತಿಂಗಳು ಸಿದ್ಧಾರೂಢನೂ ಬಂದ. ಕೈಯಲ್ಲಿ ಟೇಪು, ಹಿಂದೆ ಬಣ್ಣದ ಡಬ್ಬಿ.

ತಗಡಿನ ಮೇಲೆ ಕೆಂಪು ಗೀಟು ಬಿತ್ತು.

“ಈ ಕೂಟಕ್ಕ ಸರ್ಕಲ್ ಮಂಜೂರಾಗೇತ್ರಿ ಚಾಚಿ. ಒಂದ ಕಡೆ ಜಾಗಾ ಬೇಕು.”

“ಆ ಕಡೆ ಯಾಕ ಬ್ಯಾಡ?”

ಸಿದ್ಧಾರೂಢ ಧಾಬಾದ ಕಡೆ ನೋಡಿದ. “ಮ್ಯಾಲಿಂದ ಹೇಳ್ಯಾರ್ರಿ” ಅಂದ.

ಮರುದಿನ ಬೆಳಿಗ್ಗೆ, ಎಲ್ಲರೂ ಎದ್ದು ಓಡಾಡುವ ಹೊತ್ತಿನಲ್ಲೇ, ಫಾರೂಕ್‌ನ ಟ್ರ್ಯಾಕ್ಟರ್ ಐದಗಲ್ಲ ಕ್ರಾಸಿಗೆ ಹೋಯಿತು. ಹಾರೆ ಹಿಡಿದ ಇಬ್ಬರು ಆರನೆಯ ಕಲ್ಲಿನ ಬುಡ ಅಗೆಯುವಾಗ ಅಜೀಜಾಬಿ ಪಕ್ಕದಲ್ಲಿ ನಿಂತಿದ್ದಳು. ಶಂಕರೆಪ್ಪ ಸುದ್ದಿ ಕೇಳಿ ಬನಿಯನ್ನಿನಲ್ಲೇ ಓಡಿ ಬಂದರು.

“ಏ ಅಜೀಜಾಬಿ! ಅದು ಸರಕಾರದ ಕಲ್ಲಬೇ! ಒಳಗ ಹಾಕತಾರ!”

“ಅಣ್ಣಾರ, ಓದಾಕ ಬರತೈತಲ್ಲ ನಿಮಗ. ಏನ ಬರದಾರ ನೋಡ್ರಿ.”

“ರಾಜ್ಯ ಹೆದ್ದಾರಿ 243ರ ಸ್ವಾಗತ ಕಮಾನು.”

“ಈಗ 243 ಎಲ್ಲೈತಿ?”

ಶಂಕರೆಪ್ಪ ತಮಗರಿವಿಲ್ಲದೆಯೇ ಬೈಪಾಸಿನ ಕಡೆಗೆ ತಿರುಗಿದರು.

“ಹೆದ್ದಾರಿ ಎಲ್ಲಿ ಹೋಗೇತಿ, ಕಲ್ಲೂ ಅಲ್ಲೇ ಹೋಗಬೇಕಲ್ರಿ. ಇಲ್ಲಿ ಬಿಟ್ರ ಸಾಹೇಬ್ರ ಹೆಸರಿನ ಮ್ಯಾಲ ಆಡ ಕುಂಡ್ರತಾವ. ಅದ ನಿಮಗ ಚಂದ ಅನಸತೈತೇನು? ಏ ಫಾರೂಕ್, ಸಾವಕಾಶ, ಅಣ್ಣಾರ ಹೆಸರಿಗೆ ಹಾರಿ ಹತ್ತೀತು.”

ಎಂಜಿನಿಯರನೊಬ್ಬ ನೆಟ್‌ವರ್ಕ್ ಇಲ್ಲದ ಊರಿಗೆ ವರ್ಗವಾಗುವ ಭಯದಿಂದ ಮುಟ್ಟದ, ಇಲಾಖೆಯೊಂದು ಹೆದ್ದಾರಿಯನ್ನೇ ಹೊರಳಿಸಿ ತಪ್ಪಿಸಿಕೊಂಡ ಕಲ್ಲು ಟ್ರೇಲರಿನಲ್ಲಿ ಹುಲ್ಲಿನ ಮೇಲೆ ಮಲಗಿ ಹೋಯಿತು. ದಾರಿಯಲ್ಲಿ ಸಿಕ್ಕ ಪೊಲೀಸರು, ಹೊಸ ಕಾಮಗಾರಿ ಇರಬೇಕೆಂದು ಲಾರಿಗಳನ್ನು ತಡೆದು ದಾರಿ ಬಿಟ್ಟುಕೊಟ್ಟರು. ಮಧ್ಯಾಹ್ನದೊಳಗೆ ತಗಡಿನಂಗಡಿಯ ಮುಂದೆ ಸಿಮೆಂಟು ಗಟ್ಟಿಯಾಗಿತ್ತು. ಅಜೀಜಾಬಿ ಕಲ್ಲು ತೊಳೆದು ಒಂದು ಹಾರವನ್ನೂ ಹಾಕಿದಳು.

ಸಿದ್ಧಾರೂಢ ಬಂದು ಓದಿದ. ಫೋಟೋ ತೆಗೆದು ಮೇಲಿನವರಿಗೆ ಕಳಿಸಿದ. ಕಲ್ಲು 243ರದು, ನಿಂತಿರುವುದು 243ರ ಮೇಲೆ; ತಪ್ಪು ಹುಡುಕಲು ಮೇಲಿನವರೂ ಸಿದ್ಧರಿರಲಿಲ್ಲ. ಚಹಾ ಮುಗಿಯುವುದರೊಳಗೆ ಉತ್ತರ ಬಂತು: ಇದ್ದದ್ದು ಇದ್ದಲ್ಲೇ ಇರಲಿ.

ಅವನು ಬಣ್ಣದ ಡಬ್ಬಿಯ ಆಳಿಗೆ ಎದುರು ಮೂಲೆ ತೋರಿಸಿದ. ಧಾಬಾದ ಹಸಿ ಗಿಲಾವಿನ ಮೇಲೆ ಕೆಂಪು ಗೀಟು ಎಳೆಯುವಾಗ ಅದು ಸ್ವಲ್ಪ ಇಳಿಯಿತು.

ಸಂಜೆ ಶಂಕರೆಪ್ಪ ಅಜೀಜಾಬಿಯ ಅಂಗಡಿಗೆ ಬಂದರು. ಮಿರ್ಚಿ ಮುಂದಿಟ್ಟರೂ ಮುಟ್ಟಲಿಲ್ಲ. ಅವರ ಮನಸ್ಸು ಹಳೆಯ ಕ್ರಾಸಿನ ಬೇವಿನ ಮರದ ಬುಡದಲ್ಲಿ, ತಮ್ಮ ಹೆಸರು ಹೊತ್ತು ಹುಲ್ಲಿನೊಳಗಿದ್ದ ಮೂರನೆಯ ಕಲ್ಲಿನ ಮೇಲಿತ್ತು. ಅದೂ 243ರದೇ. ಅವರು ಹೊರಗೆ ಟ್ರ್ಯಾಕ್ಟರ್ ತೊಳೆಯುತ್ತಿದ್ದ ಹುಡುಗನನ್ನು ಕರೆದರು.

“ಫಾರೂಕಾ, ನಾಳೆ ಮುಂಜಾನೆ ಗಾಡಿ ಖಾಲಿ ಐತೇನಪಾ?”