ಏಕಾದಶಿಯ ದಿನ ಕುಡಿದ ನೀರು

ಮದುವೆ ಮನೆಗೆ ಹೋದರೆ ಹಿಮಾಯತ್‌ನಗರದ ಪ್ರಹ್ಲಾದರಾಯರು ಮೊದಲು ಹುಡುಕುತ್ತಿದ್ದದ್ದು ಊಟದ ಪಂಕ್ತಿಯನ್ನಲ್ಲ, ಬಚ್ಚಲನ್ನು. ಹೋಗಿ ಬಂದು ಕೂತರೆ ಮತ್ತೆ ಅವಸರ. “ವಯಸ್ಸಾತು, ಅಷ್ಟ” ಎಂದು ವರ್ಷಗಟ್ಟಲೆ ತಳ್ಳಿಹಾಕಿದರು. ಕೊನೆಗೆ ಹೆಂಡತಿ ಮಂದಾಕಿನಿಬಾಯಿ ಕೈಹಿಡಿದು ಆಸ್ಪತ್ರೆಗೆ ಎಳೆದೊಯ್ದರು. ಮೂತ್ರದ ಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಇನ್ನೂ ಗ್ರಂಥಿ ದಾಟಿ ಹೋಗಿಲ್ಲ, ರೇಡಿಯೇಶನ್ ಕೊಟ್ಟರೆ ಗುಣವಾಗುವ ಭರವಸೆ ಇದೆ ಎಂದರು ಡಾಕ್ಟರು.

ರಾಯರು ಖಡಾಖಂಡಿತ ಬೇಡವೆಂದರು. ಸೆಕ್ರೆಟೇರಿಯಟ್‌ನಲ್ಲಿ ನೌಕರಿ ಮಾಡಿ ನಿವೃತ್ತರಾದವರು, ಒಮ್ಮೆ ಬೇಡವೆಂದರೆ ಮುಗಿಯಿತು.

ಕೆಳಗಿನ ಮನೆಯ ಶಿವಶರಣಪ್ಪ ಸುದ್ದಿ ಕೇಳಿ ಮೇಲೆ ಬಂದರು. ಸೇಡಂ ಕಡೆಯವರು, ಬಟ್ಟೆ ವ್ಯಾಪಾರ. ಹೋದ ವರ್ಷ ಅವರಿಗೂ ಇದೇ ರೋಗಕ್ಕೆ ಇದೇ ಚಿಕಿತ್ಸೆ ಆಗಿತ್ತು.

“ಈ ರೇಡಿಯೇಶನ್ ಕರೆಂಟ್ ಇಟ್ರ ಸುತ್ತಮುತ್ತಲಿಂದೆಲ್ಲಾ ಸುಡತದಂತ, ಶಿವಶರಣಪ್ಪ. ಮೂತ್ರ ಸೋರಲಿಕ್ಕೆ ಹತ್ತಿದ್ರ ಮಡಿ ಎಲ್ಲಿ ಉಳೀತು? ದೇವರ ಮುಂದ ಹೆಂಗ ಕೂಡಲಿ?” ಎಂದರು ರಾಯರು. ಮುಂಜಿಯಾದಾಗಿನಿಂದ ಪೂಜೆ ತಪ್ಪಿಸದ ಮನುಷ್ಯ. ಸಾವಿಗಿಂತ ಅದೇ ಅವರಿಗೆ ದೊಡ್ಡ ಹೆದರಿಕೆಯಾಗಿತ್ತು.

“ಈಗ ಹಂಗ ಕಣ್ಣುಮುಚ್ಚಿ ಕೊಡಂಗಿಲ್ರಿ ರಾಯರ. ದಿನಾ ಮೊದಲ ಒಳಗಿನ ಫೋಟೋ ತೆಗೀತಾರ. ಗ್ರಂಥಿ ಎಲ್ಲೈತಿ ನೋಡಿ, ಮೇಜು ಸರಿಸಿ, ಆಮ್ಯಾಲೆ ಕರೆಂಟ.”

“ಒಮ್ಮೆ ಫೋಟೋ ತೆಗದಾರಲ್ಲ? ನಿನ್ನೆ ಇದ್ದ ಗ್ರಂಥಿ ಇವತ್ತು ನಡಕೊಂಡು ಹೋಗತದೇನು?”

“ಹೋಗತೈತ್ರಿ! ಮೂತ್ರದ ಚೀಲ ತುಂಬಿದ್ರ ಒಂದು ಕಡಿ, ಹೊಟ್ಟ್ಯಾಗ ಗ್ಯಾಸ್ ಆದ್ರ ಇನ್ನೊಂದು ಕಡಿ. ಅರಿವಿ ಕತ್ತರಿಸೂ ಮುಂದ ನಾವು ಮತ್ತೊಮ್ಮೆ ಅಳತಿ ಹಿಡಿಯಂಗಿಲ್ಲೇನು? ಇದೂ ಹಂಗ.”

ರಾಯರು ಅರೆಮನಸ್ಸಿನಿಂದ ಒಪ್ಪಿದರು. ಚಿಕಿತ್ಸೆ ಶುರುವಾಯಿತು. ದಿನಾ ಶೌಚಕ್ಕೆ ಹೋಗಿ ಹೊಟ್ಟೆ ಖಾಲಿ ಮಾಡಿಕೊಂಡು ಬರಬೇಕು, ಹೇಳಿದಷ್ಟು ನೀರು ಕುಡಿದು ಮೂತ್ರ ತಡೆದು ಕೂರಬೇಕು. ನೋವೇನೂ ಇರಲಿಲ್ಲ. ಎಲ್ಲ ಸುಸೂತ್ರ ನಡೆದಿತ್ತು, ಏಕಾದಶಿ ಬರುವ ತನಕ.

ಏಕಾದಶಿ ಎಂದರೆ ರಾಯರಿಗೆ ನಿರ್ಜಲ. ಗುಟುಕು ನೀರೂ ಇಲ್ಲ. ಆಸ್ಪತ್ರೆಯಲ್ಲಿ ಆ ಮಾತು ಎತ್ತಲೂ ಇಲ್ಲ.

“ನೀಳ್ಳು ತಾಗಾರಾ ಸಾರ್?” ನೀರು ಕುಡಿದಿರಾ ಎಂದು ಟೆಕ್ನಿಷಿಯನ್ ಎಂದಿನಂತೆ ತೆಲುಗಿನಲ್ಲಿ ಕೇಳಿದ.

“ಹೂಂ, ತಾಗಾನು” ಎಂದರು ರಾಯರು, ಸಾಹೇಬರ ಗತ್ತಿನಲ್ಲಿ.

ಮೇಜಿನ ಮೇಲೆ ಮಲಗಿದರು. ಯಂತ್ರ ಸುತ್ತಲೂ ತಿರುಗಿ ಫೋಟೋ ತೆಗೆಯಿತು. ಅಲ್ಲಿಗೇ ನಿಂತಿತು. “ಎದ್ದೇಳಿ ಸಾರ್, ಇವತ್ತು ಹೀಗೆ ಕೊಡೋಕಾಗಲ್ಲ” ಎಂದ ಟೆಕ್ನಿಷಿಯನ್.

ಡಾಕ್ಟರ್ ಪ್ರಫುಲ್ಲಾ ರಾಯಚೂರಿನವರು. ಗಂಡ ಹೆಂಡತಿ ಇಬ್ಬರನ್ನೂ ಕರೆದು ಪರದೆಯ ಮೇಲೆ ಎರಡು ಚಿತ್ರ ತೋರಿಸಿದರು. “ನೋಡ್ರಿ ರಾಯರ, ಇದು ಮೊದಲಿಂದು. ಚೀಲ ತುಂಬ್ಯದ, ಕರುಳು ಮ್ಯಾಲೆ ಸರದದ. ಇದು ಇವತ್ತಿಂದು. ಚೀಲ ಬರಿದು, ಕರುಳು ಜಾರಿ ಕಿರಣದ ದಾರ್ಯಾಗ ಬಂದದ. ನೋಡಲಾರದ ಕೊಟ್ಟಿದ್ರ ಚೀಲಕ್ಕೂ ಕರುಳಿಗೂ ಪೆಟ್ಟು. ನೀರು ಕುಡದೇ ಇಲ್ಲ ನೀವು.”

ರಾಯರು ಎರಡೂ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದರು. ಯಾವುದಕ್ಕೆ ಹೆದರಿ ಚಿಕಿತ್ಸೆಯೇ ಬೇಡ ಅಂದಿದ್ದರೋ, ಅದನ್ನೇ ತಮ್ಮ ಕೈಯಾರೆ ಕರೆದುಕೊಳ್ಳುತ್ತಿದ್ದರು. ದಿನಾ ಯಾಕೆ ಎಂದು ಹಂಗಿಸಿದ್ದ ಆ ಫೋಟೋನೇ ಅವರನ್ನು ಕಾಪಾಡಿತ್ತು.

“ಇವತ್ತು ಏಕಾದಶಿ…” ಎಂದು ಮೆಲ್ಲಗೆ ಬಾಯಿಬಿಟ್ಟರು.

ಮಂದಾಕಿನಿಬಾಯಿ ಸುಮ್ಮನಿರುತ್ತಾರೆಯೇ? “ಏಕಾದಶಿ ದಿನ ನೀರು ಕುಡದ್ರ ಪಾಪ, ಸುಳ್ಳು ಹೇಳಿದ್ರ ಪುಣ್ಯ ಏನ್ರೀ? ರೋಗಿಗೆ ಔಷಧನ ಗಂಗಾಜಲ ಅಂತ ಊರಿಗೆಲ್ಲಾ ಹೇಳೋರು ನೀವ. ಹಿಡೀರಿ ಈ ಬಾಟಲಿ!”

ಡಾಕ್ಟರೂ ನಕ್ಕುಬಿಟ್ಟರು. ರಾಯರು ಬಾಟಲಿ ಹಿಡಿದು, ಕಣ್ಣುಮುಚ್ಚಿ ಕೃಷ್ಣಾ ಎಂದು, ಹೇಳಿದಷ್ಟೂ ಕುಡಿದರು. ಕಾದು ಕೂತರು. ಮತ್ತೆ ಫೋಟೋ ತೆಗೆದರು. ಎರಡೂ ಚಿತ್ರ ತಾಳೆಯಾದವು. “ಸೂಪರ್ ಸಾರ್!” ಎಂದ ಟೆಕ್ನಿಷಿಯನ್. ಅಂದಿನ ಚಿಕಿತ್ಸೆ ಅಂದೇ ಮುಗಿಯಿತು.

ಅಲ್ಲಿಂದ ಮುಂದೆ ನೀರಿನ ಬಾಟಲಿ ರಾಯರ ಕೈಬಿಡಲಿಲ್ಲ. ನಡುವೆ ಸ್ವಲ್ಪ ಉರಿಮೂತ್ರ, ಸುಸ್ತು ಕಾಣಿಸಿತು. ಡಾಕ್ಟರು ಔಷಧಿ ಕೊಟ್ಟರು, ಬರಬರುತ್ತ ಇಳಿಯಿತು. ಪೂಜೆ ಒಂದು ದಿನವೂ ತಪ್ಪಲಿಲ್ಲ. ಚಿಕಿತ್ಸೆ ಮುಗಿದ ಮೇಲಿನ ರಕ್ತಪರೀಕ್ಷೆಗಳಲ್ಲಿ ಈ ಕ್ಯಾನ್ಸರ್‌ನ ಸುಳಿವು ಕೊಡುವ ಪಿ.ಎಸ್.ಎ. ಇಳಿಯುತ್ತಲೇ ಹೋಯಿತು. ಡಾಕ್ಟರು ಹೂಂ ಅಂದ ಮೇಲೆ ಏಕಾದಶಿಯನ್ನೂ ಮತ್ತೆ ಹಿಡಿದರು. ಮೊನ್ನೆ ಕೂಕಟ್‌ಪಲ್ಲಿಯ ಮದುವೆ ಮನೆಯಲ್ಲಂತೂ ರಾಯರು ಯಾವ ಬಚ್ಚಲನ್ನೂ ವಿಚಾರಿಸದೆ ನೇರ ಪಂಕ್ತಿಯ ಮೊದಲ ಎಲೆಗೇ ಹೋಗಿ ಕೂತರು. ಪಕ್ಕದ ಎಲೆಯಲ್ಲಿ ಶಿವಶರಣಪ್ಪ. ಇಬ್ಬರೂ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರು.

ಐವತ್ತು ದಾಟಿದ ಅಣ್ಣಂದಿರೇ, ಮೂತ್ರಕ್ಕೆ ಪದೇ ಪದೇ ಹೋಗುವಂತಾದರೆ, ಧಾರೆ ತಡೆದು ತಡೆದು ಬಂದರೆ, ರಕ್ತ ಕಂಡರೆ ನಾಚಿಕೊಂಡು ಮುಚ್ಚಿಡಬೇಡಿ. ಎಲ್ಲವೂ ಕ್ಯಾನ್ಸರ್ ಅಲ್ಲ, ಆದರೆ ತೋರಿಸದೆ ತಿಳಿಯುವುದೂ ಇಲ್ಲ. ರೇಡಿಯೇಶನ್ ಬೇಕೆಂದರೆ “ಕೊಡುವ ಮುಂಚೆ ಒಳಗಿನ ಚಿತ್ರ ನೋಡುತ್ತೀರಾ?” ಎಂದು ಧೈರ್ಯವಾಗಿ ಕೇಳಿ. ಹೇಳಿದ ನೀರು ಕುಡಿಯಿರಿ. ಏಕಾದಶಿ ಇರಲಿ, ಶ್ರಾವಣ ಸೋಮವಾರ ಇರಲಿ, ರೋಜಾ ಉಪವಾಸ ಇರಲಿ, ಡಾಕ್ಟರಿಗೆ ಮೊದಲೇ ತಿಳಿಸಿ. ದೇವರು ಕಾಯುತ್ತಾನೆ, ರೋಗ ಕಾಯುವುದಿಲ್ಲ. ಇವತ್ತೇ ಹೋಗಿ ತೋರಿಸಿಕೊಳ್ಳಿ.